ನಾಲ್ಕು ಉಸಿರಿನ ಕತ್ತಲು

ನಮ್ಮೂರಲ್ಲಿ ಓಡುಚುಕ್ಕಿ ಆಕಾಶದಲ್ಲಿ ಬೆಳಗುತ್ತಿರುವಷ್ಟು ಹೊತ್ತು ಆಡಿದ ಮಾತು ನಿಂತುಬಿಡುತ್ತದೆ. ಆಡಿದವರು ಆಮೇಲೆ ಎಷ್ಟು ಹಂಬಲಿಸಿದರೂ ಅದನ್ನು ಮೀರುವುದಕ್ಕೆ ಮೈ ಒಪ್ಪುವುದಿಲ್ಲ. ನಾನಿನ್ನೂ ಚಡ್ಡಿ ಹಾಕದ ಕಾಲಕ್ಕೆ, ಮೊದಲ ಓಡುಚುಕ್ಕಿಗಳು ಕಾಣಿಸಿಕೊಂಡ ವರ್ಷ, ನನ್ನ ಸೋದರಮಾವ ಅಂಗಳದಲ್ಲಿ ಉಣ್ಣುತ್ತ ಕೂತವನು "ಈ ಹಾಳು ಮುದ್ದೆ ಇನ್ನ ಮುಟ್ಟಲ್ಲ, ತಗಂಡೋಗು" ಎಂದು ತಣಿಗೆ ತಳ್ಳಿದ. ತಲೆಯ ಮೇಲೆ ಒಂದು ಹಾಯುತ್ತಿತ್ತು. ಮಾರನೆಯ ದಿನ ಅವನ ಕೈ ಮುದ್ದೆಯವರೆಗೆ ಹೋಗಿ, ಕಾದ ಹೆಂಚಿನ ಹತ್ತಿರ ಹೋದ ಹಾಗೆ ಹಿಂದಕ್ಕೆ ಬಂತು. ಸಾಯುವ ತನಕ ಗಂಜಿ ಕುಡಿದ. ಅವು ದೂರದ ದೇಶದವರು ಹಾರಿಸಿಬಿಟ್ಟ ಯಂತ್ರಗಳು, ಕೆಲವುಗಳೊಳಗೆ ಮನುಷ್ಯರೂ ಕೂತಿರುತ್ತಾರೆ ಎಂದು ಶಾಲೆಯ ಮೇಷ್ಟ್ರು ಹೇಳಿದ್ದರು. ನಾವು ತಲೆಯಾಡಿಸಿದೆವು. ಯಂತ್ರವಾದರೇನು, ಮಾತು ನಿಲ್ಲುತ್ತಿತ್ತು.

ಊರೆಂದ ಮೇಲೆ ಏನಾದರೂ ಒಂದು ಹಾದಿ ಮಾಡಿಕೊಳ್ಳಲೇಬೇಕು. ನಮ್ಮದು ಸುಣ್ಣ ಸುಡುವವರ ಊರು. ಆಕಾಶಕ್ಕೆ ಹೊಗೆ ಅಡ್ಡ ಬರಬಾರದೆಂದು ಹೊತ್ತು ಮುಳುಗುವ ಮುಂಚೆಯೇ ಸುಣ್ಣದ ಗೂಡುಗಳ ಬಾಯಿ ಮುಚ್ಚುವ ಕಟ್ಟುಪಾಡು ಮಾಡಿದರು. ಹಾಳುಬಿದ್ದ ಒಂದು ಗೂಡಿನ ಗೋಡೆಯನ್ನೇ ಎತ್ತರಿಸಿ ನೋಟದ ಕಟ್ಟೆ ಕಟ್ಟಿ, ಅದಕ್ಕೊಂದು ಗಂಟೆ ತೂಗುಹಾಕಿದರು. ಓಡುಚುಕ್ಕಿ ಕಂಡ ಕೂಡಲೇ ಕಟ್ಟೆಯವನು ಮೊದಲ ಗಂಟೆ ಬಾರಿಸುತ್ತಾನೆ, ಊರು ಬಾಯಿ ಮುಚ್ಚುತ್ತದೆ. ತಮ್ಮ ಮಾತು ನಿಲ್ಲಲಿ ಎನ್ನುವವರು ಮಾತ್ರ ಆಗ ಬಾಯಿ ತೆರೆಯುತ್ತಾರೆ. ಮದುವೆಯ ಒಪ್ಪಿಗೆ, ಅಣ್ಣತಮ್ಮಂದಿರ ಪಾಲು, ಕುಡಿತ ಬಿಡುವವನ ಆಣೆ, ಎಲ್ಲವೂ ಆ ನಾಲ್ಕೈದು ನಿಮಿಷದಲ್ಲಿ. ಓಡುಚುಕ್ಕಿ ಗುಡ್ಡದಾಚೆ ಇಳಿದು ಮರೆಯಾಗುವುದು ಕಡಿಮೆ. ನಡು ಆಕಾಶದಲ್ಲೇ ಭೂಮಿಯ ನೆರಳಿಗೆ ಸಿಕ್ಕಿ, ಯಾರೋ ದೀಪ ಊದಿದ ಹಾಗೆ ಆರಿಹೋಗುತ್ತದೆ. ಅದನ್ನು ಮುಳುಗುವುದು ಎನ್ನುತ್ತೇವೆ. ಮುಳುಗಿದ್ದನ್ನು ಕಂಡ ಮೇಲೆ ಎರಡನೇ ಗಂಟೆ. ಬರಿಗಣ್ಣಿಗೆ ಕಾಣದಷ್ಟು ಮಬ್ಬಾದ ಚುಕ್ಕಿಗಳ ಕೆಳಗೂ ಮಾತು ನಿಲ್ಲುತ್ತದೆ ಎಂಬುದು ಎರಡು ಮೂರು ಸಂಸಾರ ಕೆಟ್ಟ ಮೇಲೆ ತಿಳಿಯಿತು. ಆಗ ಊರವರು ಸೇರಿ ಒಂದು ಹಿತ್ತಾಳೆಯ ದುರ್ಬೀನು ತರಿಸಿದರು.

ಬಾಯಿ ತಪ್ಪಿ ಆಡಿದ ಮಾತಿಗೆ ಒಂದೇ ಒಂದು ಪರಿಹಾರ. ಯಾವ ಚುಕ್ಕಿಯ ಕೆಳಗೆ ಆಡಿದ್ದೋ ಅದೇ ಚುಕ್ಕಿ ಮತ್ತೆ ಬಂದು ಬೆಳಗುವಾಗ, ಹಿಂದಕ್ಕೆ ತೆಗೆದುಕೊಂಡೆ ಎಂದು ಬಾಯಿಬಿಟ್ಟು ಹೇಳಬೇಕು. ಅಂಥದ್ದು ಬಂದರೆ ಕಟ್ಟೆಯವನು ಗಂಟೆಯ ಜೊತೆಗೆ ಆ ಮನುಷ್ಯರ ಹೆಸರನ್ನೂ ಕೂಗಬೇಕು. ನನ್ನ ಸೋದರಮಾವನ ಕಾಲಕ್ಕೆ ಚುಕ್ಕಿಗಳ ಗುರುತು ಹಿಡಿಯುವವರೇ ಇರಲಿಲ್ಲ, ಅವನಿಗೆ ಮುದ್ದೆ ಹೋಯಿತು. ಗುರುತು ಹಿಡಿಯುವುದನ್ನು ಮೊದಲು ಕಲಿತವನು ಗಾದ್ರಪ್ಪ, ನನಗೆ ಕಟ್ಟೆಯ ಕೆಲಸ ಕಲಿಸಿದವನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಅವನು ಪಕ್ಕದಲ್ಲಿ ಕೂರಿಸಿಕೊಂಡ. "ಮಬ್ಬು ಚುಕ್ಕೀನ ನೆಟ್ಟಗೆ ನೋಡಬ್ಯಾಡ ಕಣ್ಲಾ, ನಾಚ್ಕಂತವೆ. ಪಕ್ಕಕ್ಕೆ ನೋಡ್ದಂಗೆ ಮಾಡು, ಆಗ ಕಾಣ್ತವೆ" ಎನ್ನುತ್ತಿದ್ದ. ಯಾವುದು ಯಾವ ದಿಕ್ಕಿನಿಂದ ಬರುತ್ತದೆ, ಯಾವುದು ಹಳದಿ, ಯಾವುದು ಬಿಳಿ, ಯಾವುದು ಎಲ್ಲಿ ಮುಳುಗುತ್ತದೆ, ಎಲ್ಲವನ್ನೂ ತಲೆಯಲ್ಲಿ ಇಡಿಸಿದ. ಹೊತ್ತು ಅಳೆಯುವುದಕ್ಕೆ ನಮ್ಮ ಉಸಿರೇ ನಮಗೆ ಗಡಿಯಾರ. ಅವನು ಸತ್ತ ಮೇಲೆ ಕಟ್ಟೆ ನನಗೆ ಬಂತು. ಕಟ್ಟೆಯ ಬುಡದಲ್ಲೇ ಮನೆ.

ಎರಡನೇ ಗಂಟೆಯ ಮೇಲೆ ಊರಲ್ಲೊಂದು ರೂಢಿ ಇತ್ತು. ಅಷ್ಟು ಹೊತ್ತು ನುಂಗಿಕೊಂಡಿದ್ದನ್ನೆಲ್ಲ ಜನ ಒಮ್ಮೆಗೇ ಹೊರಗೆ ಹಾಕುತ್ತಿದ್ದರು. ಅತ್ತೆಗೆ ಸೊಸೆ, ಯಜಮಾನನಿಗೆ ಆಳು, ಗಂಡನಿಗೆ ಹೆಂಡತಿ, ಯಾರು ಯಾರಿಗೆ ಏನು ಬೈದರೂ ಅದಕ್ಕೆ ಬೆಲೆಯಿಲ್ಲ, ಸಿಟ್ಟೂ ಇಲ್ಲ. ಈ ಬೈಗುಳದಲ್ಲಿ ನನ್ನ ಹೆಂಡತಿ ಬೊಮ್ಮಕ್ಕನನ್ನು ಮೀರಿಸುವವರಿರಲಿಲ್ಲ. ಅಂಗಳದ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕಟ್ಟೆಯ ಕಡೆ ತಲೆಯೆತ್ತಿ ಶುರುಮಾಡುತ್ತಿದ್ದಳು. "ಏಯ್ ಮ್ಯಾಗಿನೋನೇ! ಮೋಡದಾಚೆ ಇರೋದು ಕಾಣ್ತತೆ, ಒಲೆ ಮ್ಯಾಲೆ ಉಕ್ಕಿದ ಹಾಲು ಕಾಣ್ಲಿಲ್ವೇನೋ ನಿನಗೆ?" ಪಕ್ಕದ ಬೀದಿಯವರು ತಾವು ಬೈಯುವುದನ್ನು ನಿಲ್ಲಿಸಿ ಇವಳದನ್ನು ಕೇಳುತ್ತಿದ್ದರು. "ನಾಳೆಯಿಂದ ನಿನ್ನ ಚುಕ್ಕೀನೇ ರೊಟ್ಟಿ ತಟ್ಟಲಿ" ಎನ್ನುವಳು, ಕಟ್ಟೆ ಇಳಿದು ಬಂದರೆ ಬಿಸಿ ರೊಟ್ಟಿ ಇಟ್ಟಿರುವಳು. ನಮಗೆ ಮಕ್ಕಳಾಗಲಿಲ್ಲ. ಮನೆ ತುಂಬಾ ಇದ್ದದ್ದು ಅವಳ ಮಾತು.

ಆ ಸಂಜೆ ಬಂದ ಚುಕ್ಕಿ ನನಗೆ ಹೊಸದು. ದುರ್ಬೀನಿಗೆ ಸಿಕ್ಕಿದ್ದೇ ತಡವಾಗಿ, ಗುಡ್ಡದ ಮೇಲಿನ ಮೋಡ ದಾಟಿದ ಮೇಲೆ. ಬರಿಗಣ್ಣಿಗೆ ಇಲ್ಲವೇ ಇಲ್ಲ. ಮೊದಲ ಗಂಟೆ ಬಾರಿಸಿದೆ. ಏಳು ಉಸಿರು ಅದರ ಬೆನ್ನು ಹತ್ತಿ ಹೋದೆ. ಆ ಋತುವಿನಲ್ಲಿ, ಆ ಹೊತ್ತಿನಲ್ಲಿ ನೆರಳು ಎಲ್ಲಿ ಇರಬೇಕೋ ಅದಕ್ಕೆ ಒಂದು ಗೇಣು ಈಚೆಗೆ ಅದು ಆರಿತು. ಮುಳುಗಿತು ಎಂದುಕೊಂಡೆ. ಒಂದು ಗೇಣಿನ ಹೆಚ್ಚುಕಡಿಮೆ ಎಷ್ಟೋ ಸಲ ಕಂಡಿದ್ದೆ. ಎರಡನೇ ಗಂಟೆ ಬಾರಿಸಿದೆ. ಕೆಳಗೆ ಜನ ನಕ್ಕರು, ಕೆಮ್ಮಿದರು, ಮೈ ಸಡಿಲ ಮಾಡಿಕೊಂಡರು. ನಾಲ್ಕು ಉಸಿರಾದ ಮೇಲೆ ಅದು ಮತ್ತೆ ಹೊತ್ತಿಕೊಂಡಿತು. ಒಂದು ದೊಡ್ಡ ಹೊಳಪು, ಅದರ ಹಿಂದೆಯೇ ಒಂದು ಸಣ್ಣ ಹೊಳಪು. ಅದು ಮುಳುಗಿರಲಿಲ್ಲ. ಕೆಲಸ ಮುಗಿಸಿ ಸತ್ತ ರಾಕೆಟ್ಟಿನ ಖಾಲಿ ಕೊಳವೆ ಅದು, ಪಲ್ಟಿ ಹೊಡೆಯುತ್ತ ಹೋಗುತ್ತಿರುತ್ತದೆ, ತೆಳ್ಳನೆಯ ಕಡೆ ನಮ್ಮತ್ತ ತಿರುಗಿದಾಗ ಕಾಣದಾಗುತ್ತದೆ ಎಂದು ಮೇಷ್ಟ್ರು ಆಮೇಲೆ ವಿವರಿಸಿದರು. ಆಗ ನನಗೆ ಅದೆಲ್ಲ ಗೊತ್ತಿರಲಿಲ್ಲ. ಬೆಳಕು ಇದೆ ಎಂಬುದು ಗೊತ್ತಿತ್ತು. ಗಂಟೆಯ ಹಗ್ಗ ಕೈಯಲ್ಲೇ ಇತ್ತು. ಎಳೆದಿದ್ದರೆ ಊರು ಬಾಯಿ ಮುಚ್ಚುತ್ತಿತ್ತು. ಎಳೆದರೆ ಕಟ್ಟೆಯವನು ತಪ್ಪಿದ ಎಂದೂ ಗೊತ್ತಾಗುತ್ತಿತ್ತು. ತಪ್ಪಿದವನನ್ನು ಕಟ್ಟೆಯಿಂದ ಇಳಿಸುವುದು ನಮ್ಮಲ್ಲಿ ನಿಯಮ. ಇನ್ನೇನು ಮುಳುಗುತ್ತದೆ, ಇನ್ನೊಂದು ಉಸಿರು, ಇನ್ನೊಂದು ಉಸಿರು ಎಂದುಕೊಂಡು ನಾನು ಸುಮ್ಮನಿದ್ದೆ.

ಕೆಳಗಿನಿಂದ ಬೊಮ್ಮಕ್ಕನ ದನಿ ಬಂತು. ಅವಳ ಹರಿದ ಮೆಟ್ಟನ್ನು ಹೊಲಿಸಿಕೊಂಡು ಬರುತ್ತೇನೆಂದು ಹೇಳಿ ನಾನು ಮೂರು ದಿನದಿಂದ ಮರೆತಿದ್ದೆ. "ಬರಿಗಾಲಾಗೆ ಸುಣ್ಣದ ಮ್ಯಾಲೆ ನಡೆಸ್ತೀಯ ನನ್ನ? ಇವತ್ತಿಗೆ ಆತು ಹೋಗು. ನಿನ್ನ ಕೂಡ ಮಾತು ಬಿಟ್ಟೆ ನಾನು!"

ಪಕ್ಕದ ಬೀದಿಯವರು ನಕ್ಕರು.

ಮನೆಗೆ ಹೋದಾಗ ಅವಳು ರೊಟ್ಟಿ ಹಾಕಿ ನನ್ನತ್ತ ತಿರುಗಿ ಬಾಯಿ ತೆರೆದಳು. ದನಿ ಬರಲಿಲ್ಲ. ಗಂಟಲಿಗೆ ಕೈ ಹಚ್ಚಿಕೊಂಡು ಮತ್ತೆ ತೆರೆದಳು. ಆಮೇಲೆ ಹೊಸ್ತಿಲಿಗೆ ಹೋಗಿ, ಹೊರಗೆ ಕಟ್ಟಿದ್ದ ಮೇಕೆಗೆ "ಬೋರೀ" ಎಂದಳು. ಅದು ಸಲೀಸಾಗಿ ಬಂತು. ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ.

ಅವಳೊಬ್ಬಳದೇ ಅಲ್ಲ, ಎಂಟು ಜನರು ಆಡಿದ ಮಾತು ನಿಂತುಬಿಟ್ಟಿತ್ತು. ಕ್ಷೌರದ ತಿಪ್ಪೇಶಿ ಯಜಮಾನ ಕರಿಯಣ್ಣನಿಗೆ "ನಿನ್ನ ಗಡ್ಡಕ್ಕೆ ಇನ್ನ ಕತ್ತಿ ಹಚ್ಚಲ್ಲ" ಎಂದಿದ್ದ. ಊರಿಗೆ ಅವನೊಬ್ಬನೇ ಕ್ಷೌರದವನು, ಕರಿಯಣ್ಣನ ಗಡ್ಡ ಬೆಳೆಯತೊಡಗಿತು. ಪಂಚಾಯಿತಿ ಕೂತಾಗ ಆ ಗಡ್ಡವನ್ನೇ ನೀವಿಕೊಂಡು ಕೇಳಿದ, "ಏನಾತಪ್ಪ ಓಬಯ್ಯ ಅವತ್ತು?"

"ಮುಳುಗ್ತು, ಗಂಟೆ ಹೊಡೆದೆ. ದುರ್ಬೀನಿಂದ ಕಣ್ಣು ತೆಗೆದು ವಲ್ಲಿಯಾಗೆ ಒರೆಸ್ಕಂಡೆ. ತಿರುಗಿ ನೋಡಿದ್ರೆ ಮತ್ತೆ ಹತ್ತಿತ್ತು. ಅಷ್ಟರಾಗೆ ಎಲ್ಲರೂ ಆಡಿಬಿಟ್ಟಿದ್ರಿ" ಎಂದೆ.

"ಮುಳುಗಿದ್ದು ಮತ್ತೆ ಹತ್ತುತ್ತೆ ಅಂತ ಯಾರಿಗೆ ಗೊತ್ತಿತ್ತು" ಎಂದ ಕರಿಯಣ್ಣ. "ಗಾದ್ರಪ್ಪನೇ ಇದ್ದಿದ್ರೂ ಇಷ್ಟೇಯ. ನೀನು ಕಟ್ಟೆ ಮ್ಯಾಲೇ ಇರು. ಅದನ್ನ ಹುಡುಕು."

ಅದರ ಗುರುತನ್ನು ಊರಿಗೆಲ್ಲ ಹೇಳಿದೆ. ಉತ್ತರದಿಂದ ಬರುತ್ತದೆ, ಒಂದು ದೊಡ್ಡ ಹೊಳಪು, ಒಂದು ಸಣ್ಣ ಹೊಳಪು, ಆಮೇಲೆ ನಾಲ್ಕು ಉಸಿರಿನ ಕತ್ತಲು. ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಬಿಡುವಿರಲಿಲ್ಲ. ಸಂಜೆಯೂ ನೋಡಿದೆ, ಬೆಳಗಿನ ಜಾವವೂ ನೋಡಿದೆ.

ಮನೆಯಲ್ಲಿ ಬೊಮ್ಮಕ್ಕ ಮೇಕೆಯ ಜೊತೆ ಮಾತು ಶುರುಮಾಡಿದ್ದಳು. ಅದೂ ಸುಲಭವಿರಲಿಲ್ಲ. ಮೇಕೆಯ ನೆಪದಲ್ಲಿ ನನಗೆ ಹೇಳಲು ಹೋದರೆ ಗಂಟಲು ಕಟ್ಟುತ್ತಿತ್ತು. ನಿಜವಾಗಿಯೂ ಮೇಕೆಗೇ ಹೇಳಬೇಕು. ಅದನ್ನು ಅವಳು ತಿಂಗಳುಗಟ್ಟಲೆ ರೂಢಿ ಮಾಡಿಕೊಂಡಳು. "ಬೋರೀ, ಇವತ್ತು ಬೇಳೆ ಬೇಯ್ಲಿಲ್ಲ ಕಣೇ" ಎನ್ನುವಳು, ಅದರ ಕಿವಿ ಸವರುತ್ತ, ನನ್ನ ಕಡೆ ನೋಡದೆ. ನಾನು ಬಾಗಿಲ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವೆ. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾವ ಗೂಡು ಸರಿಯಾಗಿ ಸುಡಲಿಲ್ಲ, ಅವಳ ಮಂಡಿ ಯಾವಾಗ ನೋಯಲು ಶುರುವಾಯಿತು, ಎಲ್ಲ ನನಗೆ ಗೊತ್ತಾದದ್ದು ಹಾಗೆ. ನಾನು ಅವಳೊಂದಿಗೆ ಮಾತಾಡಬಹುದಿತ್ತು, ಆಡುತ್ತಿದ್ದೆ. ಉತ್ತರವಿಲ್ಲದ ಮನುಷ್ಯನ ಜೊತೆ ಎಷ್ಟು ಆಡಲಾಗುತ್ತದೆ? ಬರಬರುತ್ತ ನನ್ನ ಮಾತೂ ಕಡಿಮೆಯಾಯಿತು.

ನಾಲ್ಕನೇ ವರ್ಷದ ಸುಗ್ಗಿಯಲ್ಲಿ ಅದು ಬಂತು.

ಉತ್ತರದ ಗುಡ್ಡದ ಮೇಲೆ, ಮೊದಲಿಗಿಂತ ಹೊಳಪಾಗಿ. ದೊಡ್ಡದೊಂದು, ಸಣ್ಣದೊಂದು, ಕತ್ತಲು. ಅದೇ. ಮೊದಲ ಗಂಟೆ ಬಾರಿಸಿದೆ. ಇನ್ನು ಹೆಸರು ಕೂಗಬೇಕು. ಬಾಯಿ ತೆರೆದೆ. ಆಗ ಒಂದು ಯೋಚನೆ ಬಂತು. ದನಿ ಬಂದ ಕೂಡಲೇ ಅವಳು ಕೇಳುತ್ತಾಳೆ, ಅವತ್ತು ನಿನಗೆ ಬೆಳಕು ಕಂಡಿತ್ತಾ ಎಂದು. ಪಂಚಾಯಿತಿಗೆ ಹೇಳಿದ ಸುಳ್ಳನ್ನು ಅವಳ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗದು. ನಾಲ್ಕು ವರ್ಷ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಬಹುದಾದ ಒಬ್ಬಳ ಬಾಯಿ ಕಟ್ಟಿತ್ತು. ಇವತ್ತು ಬೇಡ, ನಾಳೆ ಕೂಗುತ್ತೇನೆ, ಏನು ಹೇಳಬೇಕೆಂದು ಮೊದಲು ಯೋಚಿಸಿಕೊಳ್ಳುತ್ತೇನೆ ಎಂದುಕೊಂಡೆ. ಅದು ಮುಳುಗಿತು. ಇನ್ನೂ ಎಂಟು ಉಸಿರು ಕಾದು, ನಿಜವಾಗಿ ಮುಳುಗಿದ್ದು ಖಾತ್ರಿಯಾದ ಮೇಲೆ ಎರಡನೇ ಗಂಟೆ ಬಾರಿಸಿದೆ. ಮಾರನೆಯ ಸಂಜೆಯೂ ಬಂತು. ಹೀಗೆ ಆರು ಸಂಜೆ. ಆರು ಸಂಜೆಯೂ ಗಂಟೆ ಬಾರಿಸಿದೆ, ಹೆಸರು ಕೂಗಲಿಲ್ಲ. ಏಳನೆಯ ದಿನಕ್ಕೆ ಅದರ ದಾರಿ ಗುಡ್ಡದಾಚೆಗೆ ಸರಿದುಹೋಯಿತು.

ಆಮೇಲೆ ಹುಡುಕಿದೆ. ಆ ಆರು ಸಂಜೆಗಾಗಿ ಹಲ್ಲು ಕಚ್ಚಿಕೊಂಡು ಹುಡುಕಿದೆ. ಸಿಗಲಿಲ್ಲ. ಈ ನಡುವೆ ಆಕಾಶವೇ ಬೇರೆಯಾಯಿತು. ಒಂದರ ಹಿಂದೆ ಒಂದು ಇರುವೆ ಹರಿದ ಹಾಗೆ ಸಾಲುಚುಕ್ಕಿಗಳು ಬರತೊಡಗಿದವು. ಇಪ್ಪತ್ತು, ಮೂವತ್ತು, ಲೆಕ್ಕ ಹಿಡಿಯುವಷ್ಟರಲ್ಲಿ ಇನ್ನೊಂದು ಸಾಲು. ಮೊದಲ ಗಂಟೆ ಬಾರಿಸಿದರೆ ಎರಡನೆಯದಕ್ಕೆ ಎಷ್ಟೋ ಹೊತ್ತು ಬಿಡುವೇ ಸಿಗುತ್ತಿರಲಿಲ್ಲ. ಜನ ಸಂಜೆಗೆ ಕೈಸನ್ನೆ ಕಲಿತರು. ಹಸುಗೂಸು ಅತ್ತರೆ ತಾಯಂದಿರು ಹಾಡದೆ ಬೆನ್ನು ತಟ್ಟುತ್ತಿದ್ದರು. ಎರಡನೇ ಗಂಟೆಯ ಬೈಗುಳ ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ಮದುವೆಯ ಒಪ್ಪಿಗೆಗೂ ಜನ ಹೆದರತೊಡಗಿದರು, ಇಷ್ಟು ಚುಕ್ಕಿಗಳ ಕೆಳಗೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ಎಲ್ಲವನ್ನೂ ಎಲ್ಲಿ ಹುಡುಕುವುದು ಎಂದು. ಕರಿಯಣ್ಣ ಗಡ್ಡದೊಂದಿಗೇ ಸತ್ತ. ಮಾತು ನಿಂತ ಎಂಟು ಜನರಲ್ಲೂ ಮೂವರು ತೀರಿಹೋದರು.

ಹನ್ನೆರಡನೇ ವರ್ಷ ಮೇಕೆ ಸತ್ತಿತು. ವಯಸ್ಸಾಗಿತ್ತು. ಇನ್ನೊಂದನ್ನು ತರುತ್ತೇನೆಂದೆ, ಬೊಮ್ಮಕ್ಕ ಬೇಡವೆಂದು ಕೈಯಾಡಿಸಿದಳು. ನೆರೆಹೊರೆಯವರ ಹತ್ತಿರ ಹೋಗಿ ಮಾತಾಡುವ ಮನಸ್ಸೂ ಅವಳಿಗೆ ಆಗ ಉಳಿದಿರಲಿಲ್ಲ. ಒಂದು ತಿಂಗಳು ನಮ್ಮ ಮನೆಯಲ್ಲಿ ಮನುಷ್ಯರ ದನಿಯೇ ಇಲ್ಲ. ನೀರು ಸುರಿಯುವ ಸದ್ದು, ಬಾಗಿಲ ಸದ್ದು, ಅಷ್ಟೇ. ಬಾಗಿಲ ಪಕ್ಕ ಕೂತರೆ ಕೇಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ. ಅವಳು ಏನು ಬೇಕಾದರೂ ಕೇಳಲಿ, ನಾನು ಒಪ್ಪಿಕೊಂಡುಬಿಡುತ್ತೇನೆ ಎಂದು ಆ ತಿಂಗಳಲ್ಲಿ ನಿಶ್ಚಯವಾಯಿತು. ಆದರೆ ಚುಕ್ಕಿ ಬೇಕಲ್ಲ.

ಬಂತು. ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ, ಸೂರ್ಯ ಇಳಿದು ಪಡುವಣ ಇನ್ನೂ ಕೆಂಪಾಗಿದ್ದಾಗ. ತೀರ ಕೆಳಗೆ ಇಳಿದುಬಿಟ್ಟಿತ್ತು, ಅವಸರದಲ್ಲಿ ಓಡುತ್ತಿತ್ತು. ದುರ್ಬೀನೇ ಬೇಕಿರಲಿಲ್ಲ. ದೊಡ್ಡ ಹೊಳಪು, ಸಣ್ಣ ಹೊಳಪು, ನಡುವಿನ ಕತ್ತಲು ಮಾತ್ರ ಉದ್ದವಾಗಿತ್ತು. ಅಷ್ಟು ಕೆಳಗೆ ಬಂದವು ಹೆಚ್ಚು ದಿನ ಉಳಿಯುವುದಿಲ್ಲ, ಉರಿದು ಬೀಳುತ್ತವೆ. ಅದು ಬಿದ್ದರೆ ಅವಳ ಮಾತು ಎಂದೆಂದಿಗೂ ನಿಂತ ಹಾಗೆ. ಗಂಟೆ ಬಾರಿಸಿದೆ. ಬಾಯಿ ತೆರೆದು ಕೂಗಿದೆ.

"ಬೊಮ್ಮಕ್ಕಾ!"

ಹೆಂಡತಿಯ ಹೆಸರನ್ನು ಅಷ್ಟು ಗಟ್ಟಿಯಾಗಿ ನಾನು ಎಂದೂ ಕರೆದವನಲ್ಲ. ಉಳಿದ ನಾಲ್ವರ ಹೆಸರನ್ನೂ ಕೂಗಿದೆ. ಬಾಯಿ ಮುಚ್ಚಿಕೊಂಡು ನಿಂತಿದ್ದ ಊರಿನ ಆ ತುದಿಯಿಂದ ತಿಪ್ಪೇಶಿಯ ಮುದಿದನಿ ಕೇಳಿತು, "ಕರಿಯಣ್ಣನ ಗಡ್ಡದ ಮಾತು ಹಿಂದಕ್ಕೆ ತಗಂಡೆ!" ಕರಿಯಣ್ಣ ಸತ್ತು ಎರಡು ವರ್ಷವಾಗಿತ್ತು. ಯಾರೂ ನಗಲಿಲ್ಲ.

ಬೊಮ್ಮಕ್ಕ ಅಂಗಳದಲ್ಲಿ ನಿಂತೇ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಟ್ಟೆಯ ಮೆಟ್ಟಿಲು ಹತ್ತಿದಳು. ಅವಳು ಯಾವತ್ತೂ ಹತ್ತಿದವಳಲ್ಲ. ಮಂಡಿಯ ಮೇಲೆ ಕೈಯೂರಿ ಮೇಲೆ ಬಂದು, ಗೋಡೆ ಹಿಡಿದು, ಏದುಸಿರು ಬಿಡುತ್ತ ನಿಂತಳು. ಚುಕ್ಕಿ ಆಗ ಕತ್ತಲಲ್ಲಿತ್ತು. ಹೊಳೆಯುವ ತನಕ ಕಾದಳು.

"ಗಂಡನ ಕೂಡ ಮಾತು ಬಿಟ್ಟೆ ಅಂದಿದ್ದೆ. ಅದನ್ನ ಹಿಂದಕ್ಕೆ ತಗಂಡೆ" ಎಂದಳು ಆಕಾಶ ನೋಡಿಕೊಂಡು. ಆಮೇಲೆ ನನ್ನತ್ತ ತಿರುಗಿದಳು.

"ಅವತ್ತು ನೀನು ಕಣ್ಣು ಒರೆಸ್ಕಳ್ಳಲಿಲ್ಲ" ಎಂದಳು. ದನಿ ಸಣ್ಣಗಾಗಿತ್ತು, ಆದರೆ ಅವಳದೇ. "ದುರ್ಬೀನಿಗೆ ಕಣ್ಣು ಹಚ್ಚೇ ಇದ್ದೆ. ಹಗ್ಗ ಕೈಯಾಗಿತ್ತು. ನಾನು ನಿನ್ನ ನೋಡ್ಕಂಡೇ ಕೂಗ್ತಿದ್ದೆ, ನನಗೆ ಕಾಣ್ತಿರಲಿಲ್ವಾ?"

"ಹೂಂ" ಎಂದೆ. "ಬೆಳಕು ಕಂಡಿತ್ತು. ಎಳೀಲಿಲ್ಲ."

"ಅದನ್ನ ಮನಸಿಗೆ ಹಚ್ಕಂಡಿಲ್ಲ ನಾನು. ಹೆದರ್ದೆ, ಒಂದು ಸುಳ್ಳು ಹೇಳ್ದೆ. ಯಾರು ಹೇಳಲ್ಲ? ಆ ರಾತ್ರೀನೇ ಅದನ್ನ ಬಿಟ್ಟಿದ್ದೆ." ಉಸಿರು ತೆಗೆದುಕೊಂಡಳು. "ನಾಲ್ಕನೇ ವರ್ಷ ಸುಗ್ಗಿಯಾಗೆ ಇದು ಬಂತಲ್ಲ, ಆರು ಸಂಜೆ. ಆ ಸಲ ಬರಿಗಣ್ಣಿಗೇ ಕಾಣ್ತಿತ್ತು, ನನ್ನ ಕಣ್ಣು ಆಗ ಚೆನ್ನಾಗಿತ್ತು. ದೊಡ್ಡದೊಂದು ಹೊಳಪು, ಸಣ್ಣದೊಂದು. ಅಂಗಳದಾಗೇ ನಿಂತಿದ್ದೆ."

"ಕಂಡಿದ್ರೆ ನೀನೇ ಹಿಂದಕ್ಕೆ ತಗಬೌದಿತ್ತಲ್ಲ" ಎಂದೆ.

"ತಗಬೌದಿತ್ತು. ನೀನು ಹೆಸರು ಕೂಗ್ಲಿ ಅಂತ ಕಾದೆ. ಮೊದಲ್ನೇ ಸಂಜೆ, ಪಾಪ ಹೊಳಪು ಎಣಿಸಿಲ್ಲ ಅಂದ್ಕಂಡೆ. ಎರಡನೇ ಸಂಜೆ, ಗುರುತು ಸಿಕ್ಕಿಲ್ಲ ಅಂದ್ಕಂಡೆ. ಹಿಂಗೇ ಒಂದೊಂದು ಅಂದ್ಕಂಡೆ. ಆರನೇ ಸಂಜೆ ಆದ್ಮ್ಯಾಲೆ ಅಂದ್ಕಳಾಕೆ ಏನೂ ಉಳೀಲಿಲ್ಲ. ನನ್ನ ಮಾತು ಬ್ಯಾಡಾಗಿರೋನ ಕೂಡ ಏನು ಮಾತು ಅಂತ ಒಳಗೋಗಿ ಒಲೆ ಹಚ್ಚಿದೆ."

ಕೆಳಗೆ ಊರು ಉಸಿರು ಬಿಗಿಹಿಡಿದು ನಿಂತಿತ್ತು. ಒಂದು ಕರುವಿನ ಕೊರಳ ಗಂಟೆ ಮಾತ್ರ ಎಲ್ಲೋ ಅಲ್ಲಾಡುತ್ತಿತ್ತು. ಚುಕ್ಕಿ ನಡು ಆಕಾಶ ದಾಟಿ ದಕ್ಷಿಣಕ್ಕೆ ಇಳಿಯುತ್ತಿತ್ತು, ಕತ್ತಲಾಗಿ ಮತ್ತೆ ಬೆಳಗಿತು.

"ಇನ್ನೂ ಬೆಳಕೈತೆ" ಎಂದಳು ಬೊಮ್ಮಕ್ಕ. "ಒಂದು ಮಾತು ಹೇಳು ನನಗೆ. ನಿಲ್ಲೋ ಮಾತು."

ನಮ್ಮ ಮದುವೆಯ ದಿನ ಹೂಂ ಎಂದದ್ದು ಬಿಟ್ಟರೆ, ಬೆಳಕಿನ ಕೆಳಗೆ ನಾನು ಒಂದೇ ಒಂದು ಮಾತೂ ಕೊಟ್ಟವನಲ್ಲ. ಕಟ್ಟೆಯವನ ಬಾಯಿಗೆ ಆಗ ಕೆಲಸವಿಲ್ಲ, ಕಣ್ಣಿಗಷ್ಟೇ. ಊರಿನ ಎಷ್ಟೋ ಜನ ಕಣ್ಣುಮುಚ್ಚಿ ಮಾತು ಕೊಟ್ಟು, ಆಮೇಲೆ ಜನ್ಮವಿಡೀ ಅದರಡಿ ನಲುಗಿದ್ದನ್ನು ನಾನು ಮೇಲಿನಿಂದ ನೋಡಿದ್ದೆ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎನ್ನೋಣವೆಂದುಕೊಂಡೆ. ಮುಚ್ಚಿಡಲೇಬೇಕಾದ್ದು ಬಂದರೆ? ನಿನ್ನನ್ನು ನೋಯಿಸುವುದಿಲ್ಲ ಎನ್ನೋಣವೆಂದುಕೊಂಡೆ. ಅದು ನನ್ನ ಕೈಯಲ್ಲಿದೆಯೇ? ಒಂದೊಂದನ್ನೂ ನಾಲಗೆಯ ತುದಿಗೆ ತಂದು, ತೂಗಿ, ಹಿಂದಕ್ಕೆ ಕಳಿಸಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ದೊಡ್ಡ ಹೊಳಪು. ಸಣ್ಣ ಹೊಳಪು. ಆಮೇಲೆ ಅದು ಮತ್ತೆ ಹತ್ತಲಿಲ್ಲ.

ಹದಿನೈದು ಉಸಿರು ಕಾದೆವು. ಬೊಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಳುಗ್ತು ಕಣ. ಹೊಡಿ ಗಂಟೆ, ಜನ ಕಾಯ್ತವ್ರೆ" ಎಂದು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದುಹೋದಳು.

ನಾನು ಹೊಡೆದೆ.